ಕೆನ್ನೆಯ ನರದ ನೋವಿಗೆ ಫಿಟ್ಸ್ ಗುಳಿಗೆ ಕೊಟ್ಟಿದ್ದಾರೆ, ತಗೊಂಡವರು ಯಾರಾದರೂ ಇದ್ದೀರಾ?

ಮುಧೋಳದ ಅಕ್ಕೋರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮುಧೋಳ ತಾಲೂಕಿನ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ವಯಸ್ಸು 52. ಹೋದ ದೀಪಾವಳಿ ಹೊತ್ತಿಗೆ ಎಡಗೆನ್ನೆಯಲ್ಲಿ ಒಂದು ನೋವು ಶುರುವಾಯಿತು. ಮೇಲಿನ ದವಡೆಯಿಂದ ಮೂಗಿನ ಪಕ್ಕದವರೆಗೆ ಕರೆಂಟ್ ಹೊಡೆದ ಹಾಗೆ ಚಳಕ್ ಅನ್ನುತ್ತದೆ. ಕೆಲವೇ ಸೆಕೆಂಡು ಅಷ್ಟೇ, ಆಮೇಲೆ ಏನೂ ಇಲ್ಲ. ಆದರೆ ಆ ಕೆಲವು ಸೆಕೆಂಡಿನಲ್ಲಿ ನಿಂತಲ್ಲೇ ಗೋಡೆ ಹಿಡಿಯಬೇಕಾಗುತ್ತದೆ. ಮತ್ತೆ ಮಾತಾಡಲು ಬಾಯಿ ತೆಗೆದರೆ ಮತ್ತೆ ಹೊಡೆಯುತ್ತದೆ.

ಮುಖ ತೊಳೆಯುವುದೇ ದೊಡ್ಡ ಕೆಲಸವಾಗಿದೆ. ಮೂಗುಬೊಟ್ಟು ತೆಗೆದಿಟ್ಟಿದ್ದೇನೆ, ಅದರ ಹತ್ತಿರ ಬೆರಳು ತಾಗಿದರೂ ಸಾಕು. ಕಟಕ ರೊಟ್ಟಿ ಬಿಟ್ಟೆ. ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಬಲಗಡೆಯಿಂದ ಅಗಿದು ನುಂಗುತ್ತೇನೆ. ಕೆಲವು ದಿನ ಬರೀ ಅಂಬಲಿ. ಬೆಳಿಗ್ಗೆ ಸ್ಕೂಟಿಯಲ್ಲಿ ಶಾಲೆಗೆ ಹೋಗುವಾಗ ಗಾಳಿ ಬಡಿದರೆ ಕಣ್ಣಲ್ಲಿ ನೀರು ಬರುತ್ತದೆ. ಮಕ್ಕಳಿಗೆ ಮಗ್ಗಿ ಹೇಳಿಸುವಾಗ ನಾನು ಮೊದಲು ಹೇಳಬೇಕು, ಅವರು ಹಿಂದೆ ಹೇಳಬೇಕು. ಈಗ ಒಬ್ಬ ಹುಡುಗಿಯನ್ನು ಮುಂದೆ ನಿಲ್ಲಿಸಿ ಅವಳ ಕೈಯಲ್ಲಿ ಹೇಳಿಸುತ್ತಿದ್ದೇನೆ. ನನ್ನ ಕೆಲಸವೇ ಮಾತು. ಮಾತಾಡಲು ಹೆದರಿಕೆಯಾದರೆ ಹೇಗೆ ಬದುಕುವುದು ಹೇಳಿ.

ಮೊದಲು ಹಲ್ಲಿನದೇ ನೋವು ಅಂದುಕೊಂಡೆವು. ಒಂದು ಹಲ್ಲಿನ ದವಾಖಾನೆಯಲ್ಲಿ ರೂಟ್ ಕೆನಾಲ್ ಮಾಡಿದರು. ಕಡಿಮೆಯಾಗಲಿಲ್ಲ ಅಂತ ಅದೇ ಹಲ್ಲು ಕಿತ್ತರು. ನೋವು ಇದ್ದಲ್ಲೇ ಇತ್ತು. ಡೈಕ್ಲೋಫೆನಾಕ್, ಪ್ಯಾರಸಿಟಮಾಲ್ ತಗೊಂಡು ತಗೊಂಡು ಹೊಟ್ಟೆ ಉರಿ ಬಂತೇ ಹೊರತು ಕೆನ್ನೆಗೆ ಏನೂ ಆಗಲಿಲ್ಲ.

ಕೊನೆಗೆ ಬಾಗಲಕೋಟೆಯಲ್ಲಿ ನರರೋಗದ ಡಾಕ್ಟರಿಗೆ ತೋರಿಸಿದೆವು. ಅವರು ನನ್ನ ಮಾತು ಪೂರ್ತಿ ಕೇಳಿ ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅಂದರು. ರಕ್ತ ಪರೀಕ್ಷೆ ಮಾಡಿಸಿ ಕಾರ್ಬಮಜೆಪಿನ್ ಅನ್ನೋ ಗುಳಿಗೆ ಬರೆದುಕೊಟ್ಟರು. 100 ಮಿಲಿಗ್ರಾಂ, ಬೆಳಿಗ್ಗೆ ಮತ್ತು ರಾತ್ರಿ. ಎಂಆರ್‌ಐ ಮಾಡಿಸಿಕೊಂಡು ಬನ್ನಿ ಅಂದಿದ್ದಾರೆ.

ಔಷಧಿ ಅಂಗಡಿಯಲ್ಲಿ ಚೀಟಿ ನೋಡಿ "ಇದು ಫಿಟ್ಸ್ ಗುಳಿಗೆ, ಮನೆಯಲ್ಲಿ ಯಾರಿಗೆ ಫಿಟ್ಸ್?" ಅಂತ ಎಲ್ಲರ ಮುಂದೆ ಕೇಳಿದರು. ಅದು ನಮ್ಮ ಅತ್ತೆಯವರ ಕಿವಿಗೂ ಬಿತ್ತು. ಮಗಳ ಮದುವೆ ಮಾತು ನಡೆದಿದೆ, ಊರಲ್ಲಿ ಮೂರ್ಛೆ ರೋಗ ಅಂತ ಸುದ್ದಿಯಾದರೆ ಏನು ಗತಿ ಅಂತ ಅವರು ಚಿಂತೆಯಲ್ಲಿದ್ದಾರೆ. ಗುಳಿಗೆಯಿಂದ ನೋವು ಅರ್ಧ ಕಡಿಮೆಯಾಗಿದೆ, ಸುಳ್ಳು ಹೇಳಲಾರೆ. ಆದರೆ ತಲೆ ತೇಲಿದ ಹಾಗಾಗುತ್ತದೆ. ಬೋರ್ಡಿನ ಮೇಲೆ ಬರೆದ ಸಾಲು ಎರಡೆರಡು ಕಾಣುತ್ತದೆ.

ಫಿಟ್ಸ್ ಗುಳಿಗೆಗೂ ಕೆನ್ನೆ ನೋವಿಗೂ ಏನು ಸಂಬಂಧ? ಈ ತಲೆ ತಿರುಗುವುದು ನಿಲ್ಲುತ್ತದೆಯೇ? ಅರ್ಧ ನೋವು ಉಳಿದಿದೆ ಅಂದರೆ ಇದು ನನಗೆ ಒಗ್ಗುವ ಔಷಧಿ ಅಲ್ಲ ಅಂತಲೇ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಬಾಗಲಕೋಟೆ ಕಂಡಕ್ಟರ್:

ಅಕ್ಕೋರೆ, ನಮಸ್ಕಾರ್ರೀ. ನಿಮ್ಮ ಬರಹ ಓದಿ ಸುಮ್ನೆ ಮುಂದೆ ಹೋಗಲು ಆಗಲಿಲ್ಲ. ನನಗೂ ಇದೇ ಬೇನೆ. ನಿಮ್ಮದು ಎಡಗಡೆ ಮೇಲಿನ ದವಡೆ, ನನ್ನದು ಬಲಗಡೆ ಕೆಳಗಿನ ದವಡೆ. ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಡ್ಯೂಟಿ. ಬಾಗಿಲ ಗಾಳಿ, ಸೀಟಿ, "ಮುಂದೆ ಸರೀರಿ" ಅನ್ನುವ ಕೂಗು, ಎಲ್ಲವೂ ನೋವನ್ನು ಕರೆಯುವಂಥವೇ. ಮೇ ತಿಂಗಳ ಬಿಸಿಲಲ್ಲೂ ಮಫ್ಲರ್ ಸುತ್ತಿಕೊಂಡು ಟಿಕೆಟ್ ಕೊಟ್ಟಿದ್ದೇನೆ. ಬಲಗಡೆ ಗಡ್ಡ ಹೆರೆಯಲು ಆಗದೆ ಗಡ್ಡವನ್ನೇ ಬಿಟ್ಟೆ. ಈಗ ನಾನು ದಿನಾ ಪೂರ್ತಿ ಡ್ಯೂಟಿ ಮಾಡುತ್ತೇನೆ, ಕಟಕ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತೇನೆ. ಅದೇ ಕಾರ್ಬಮಜೆಪಿನ್ ಮೇಲೆ.

ನಮ್ಮ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತಿಳಿಸಿಕೊಟ್ಟಿದ್ದನ್ನು ಹೇಳುತ್ತೇನೆ. ಮುಖಕ್ಕೆ ಸ್ಪರ್ಶ ತಿಳಿಸುವ ನರ ಮಿದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ಐದನೆಯದು. ಅದಕ್ಕೆ ಮೂರು ಕವಲು. ಒಂದು ಹಣೆ-ಕಣ್ಣಿಗೆ, ಒಂದು ಕೆನ್ನೆ-ಮೇಲ್ದವಡೆಗೆ, ಒಂದು ಕೆಳದವಡೆಗೆ. ಕುಂಕುಮ ಹಚ್ಚುವಾಗ ನಿಮಗೆ ಏನೂ ಆಗುವುದಿಲ್ಲ ಅಂತ ಅನಿಸುತ್ತದೆ, ಯಾಕಂದರೆ ನಿಮ್ಮ ತೊಂದರೆ ಎರಡನೇ ಕವಲಿನಲ್ಲಿದೆ. ಹೆಚ್ಚಿನವರಲ್ಲಿ ಆ ನರ ಮಿದುಳಿನಿಂದ ಹೊರಬರುವ ಜಾಗದ ಹತ್ತಿರ ಒಂದು ರಕ್ತನಾಳ ಅದನ್ನು ಒತ್ತುತ್ತಿರುತ್ತದೆ. ಒತ್ತಿ ಒತ್ತಿ ನರದ ಮೇಲಿನ ಪೊರೆ ಸವೆಯುತ್ತದೆ. ಆಗ ಮುಟ್ಟಿದ್ದು, ಗಾಳಿ ತಾಗಿದ್ದು ಕೂಡ ನೋವಾಗಿ ಹೊಡೆಯುತ್ತದೆ. ಹಲ್ಲಿನ ಬೇರುಗಳಿಗೂ ಅದೇ ನರ ಹೋಗುತ್ತದೆ, ಅದಕ್ಕೇ ಹಲ್ಲು ನೋವಿನ ಹಾಗೆ ಕಾಣುವುದು. ಈ ಬೇನೆಯಲ್ಲಿ ಒಳ್ಳೆಯ ಹಲ್ಲು ಕಳೆದುಕೊಂಡವರು ಬಹಳ ಜನ.

ಡೈಕ್ಲೋಫೆನಾಕ್ ಕೆಲಸ ಮಾಡುವುದು ಬಾವು, ಉರಿಯೂತ ಇದ್ದಲ್ಲಿ. ಇಲ್ಲಿ ಅದಿಲ್ಲ. ಇಲ್ಲಿ ನರವೇ ಸುಮ್ಮನೆ ಇರಲಾರದೆ ಮೇಲಿಂದ ಮೇಲೆ ಸಿಡಿಯುತ್ತಿದೆ. ಫಿಟ್ಸ್ ಬಂದಾಗ ಮಿದುಳಿನ ಕೋಶಗಳು ಹೀಗೇ ಹತೋಟಿ ಇಲ್ಲದೆ ಸಿಡಿಯುತ್ತವೆ. ಆ ಸಿಡಿತ ತಡೆಯುವ ಔಷಧಿ ಈ ಸಿಡಿತವನ್ನೂ ತಡೆಯುತ್ತದೆ. ಕಾರ್ಬಮಜೆಪಿನ್ ತಯಾರಾದದ್ದು 1953ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ. 1962ರಲ್ಲೇ ಬ್ಲೋಮ್ ಅನ್ನುವ ಸ್ವೀಡನ್ ವೈದ್ಯರು ಈ ಕೆನ್ನೆ ನೋವಿಗೆ ಇದು ಕೆಲಸ ಮಾಡುತ್ತದೆ ಅಂತ ಬರೆದರು. ಇವತ್ತಿಗೂ ಈ ಬೇನೆಗೆ ಮೊದಲು ಕೊಡುವ ಔಷಧಿ ಇದೇ. ನಿಮ್ಮ ಅತ್ತೆಯವರಿಗೆ ಇದನ್ನು ಧೈರ್ಯವಾಗಿ ಹೇಳಿ: ಫಿಟ್ಸ್ ಇಲ್ಲ, ಮುಖದ ನರದ ಬೇನೆ ಇದೆ, ಗುಳಿಗೆ ಎರಡಕ್ಕೂ ಒಂದೇ. ಫಿಟ್ಸ್ ಇದ್ದವರಿಗೂ ಮುಚ್ಚಿಡುವಂಥದ್ದು ಏನೂ ಇಲ್ಲ ಅನ್ನುವುದು ನನ್ನ ಮಾತು. ಅದೂ ಒಂದು ಕಾಯಿಲೆ ಅಷ್ಟೇ ಅಲ್ವಾ.

ಈಗ ಮುಖ್ಯ ವಿಷಯ. ಅರ್ಧ ಕಡಿಮೆಯಾಗಿದೆ ಅಂದರೆ ಔಷಧಿ ಒಗ್ಗಲಿಲ್ಲ ಅಂತಲ್ಲ. ನಿಮಗೆ ಬೇಕಾದ ಅಳತೆಗೆ ಇನ್ನೂ ಬಂದಿಲ್ಲ ಅಂತ. ಇದನ್ನು ಕೆಳಗಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಬಹಳ ಜನಕ್ಕೆ ದಿನಕ್ಕೆ 600ರಿಂದ 800 ಮಿಲಿಗ್ರಾಂ ಬೇಕಾಗುತ್ತದೆ, ಕೆಲವರಿಗೆ ಅದಕ್ಕಿಂತ ಕಡಿಮೆ ಸಾಕು, ಸಾಮಾನ್ಯವಾಗಿ 1200 ದಾಟಿಸುವುದಿಲ್ಲ. ನೀವು ಈಗ 200ರಲ್ಲಿ ಇದ್ದೀರಿ. ಅಷ್ಟರಲ್ಲೇ ಅರ್ಧ ಇಳಿದಿದೆ ಅಂದರೆ ನನಗೆ ಅದು ಒಳ್ಳೆಯ ಸುದ್ದಿಯಾಗಿಯೇ ಕಾಣುತ್ತದೆ. ನನಗೂ 100ರಿಂದಲೇ ಶುರು ಮಾಡಿದ್ದು. ಈಗ 200ರದು ಮೂರು ಹೊತ್ತು. ಆದರೆ ನನ್ನ ಅಳತೆ ನಿಮ್ಮ ಅಳತೆಯಲ್ಲ. ಏರಿಸುವುದು ಇಳಿಸುವುದು ಡಾಕ್ಟರ ಕೈಯಲ್ಲೇ ಇರಲಿ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಈ ಔಷಧಿ ಹೊಟ್ಟೆಗೆ ಹೋದ ಮೇಲೆ ನಮ್ಮ ಲಿವರ್ ಇದನ್ನು ಕರಗಿಸುವುದನ್ನು ಕಲಿಯುತ್ತದೆ. ಮೂರರಿಂದ ಐದು ವಾರದಲ್ಲಿ ಮೊದಲಿಗಿಂತ ಬೇಗ ಕರಗಿಸಿಬಿಡುತ್ತದೆ. ಹಾಗಾಗಿ ಮೊದಲ ವಾರ ಚೆನ್ನಾಗಿದ್ದ ಅಳತೆ ಒಂದು ತಿಂಗಳ ಹೊತ್ತಿಗೆ ಸಾಲದಂತಾಗಬಹುದು. ನೋವು ಮತ್ತೆ ಎದ್ದಿತು, ಗುಳಿಗೆ ಸತ್ವ ಕಳೆದುಕೊಂಡಿತು ಅಂತ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅದು ಬಿಡುವ ಹೊತ್ತಲ್ಲ, ಡಾಕ್ಟರಿಗೆ ಮತ್ತೆ ತೋರಿಸುವ ಹೊತ್ತು.

ತಲೆ ತೇಲುವುದು, ಎರಡೆರಡು ಕಾಣುವುದು ಹೊಸದಾಗಿ ಶುರು ಮಾಡಿದಾಗ, ಅಳತೆ ಏರಿಸಿದಾಗ ಜಾಸ್ತಿ ಇರುತ್ತದೆ. ಬರಬರುತ್ತಾ ತಗ್ಗುತ್ತದೆ. ಊಟದ ಜೊತೆ ತಗೊಂಡರೆ ಸ್ವಲ್ಪ ಮೆತ್ತಗಿರುತ್ತದೆ. ನನ್ನದು ನಸುಕಿನ ಡ್ಯೂಟಿ, ಹಾಗಾಗಿ ಚಹಾದ ಜೊತೆ ಎರಡು ತುಂಡು ರೊಟ್ಟಿ ತಿಂದು ಗುಳಿಗೆ ನುಂಗುತ್ತೇನೆ. ಆದರೆ ಎರಡು ಕಾಣುತ್ತಿರುವಾಗ ಸ್ಕೂಟಿ ಹೊಡೆಯಬೇಡಿ ಅಕ್ಕೋರೆ. ಯಾರದಾದರೂ ಹಿಂದೆ ಕೂತು ಹೋಗಿ, ಇಲ್ಲವೇ ನಮ್ಮ ಬಸ್ಸಿಗೆ ಬನ್ನಿ. ಈ ವಿಷಯವನ್ನು ಡಾಕ್ಟರಿಗೆ ಹೇಳಲೇಬೇಕು. ಏರಿಸುವ ವೇಗ ಕಡಿಮೆ ಮಾಡುತ್ತಾರೆ, ಇಲ್ಲವೇ ದಿನದ ಗುಳಿಗೆಯನ್ನು ಬೇರೆ ಹೊತ್ತಿಗೆ ಹಂಚುತ್ತಾರೆ.

ಒಂದಕ್ಕೆ ಮಾತ್ರ ಕಾಯಬಾರದು. ಮೈಮೇಲೆ ಕೆಂಪು ಗುಳ್ಳೆ, ದದ್ದು ಎದ್ದರೆ, ಬಾಯಲ್ಲಿ ಹುಣ್ಣಾದರೆ, ಕಣ್ಣು ಕೆಂಪಾದರೆ, ಅದರ ಜೊತೆ ಜ್ವರ ಬಂದರೆ ಅವತ್ತೇ ದವಾಖಾನೆಗೆ ಓಡಿ. ರಾತ್ರಿಯಾದರೂ ಸರಿ. ಮುಂದಿನ ಗುಳಿಗೆ ನುಂಗಬೇಡಿ. ಕೆಲವರ ಚರ್ಮ ಸುಲಿದುಹೋಗುವಷ್ಟು ಅಪಾಯ ಆಗುತ್ತದೆ. ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲೇ ಅದು ಬರುವುದು. ಏಷ್ಯಾದ ಕೆಲವು ಜನರ ವಂಶವಾಹಿಯಲ್ಲಿ ಆ ಅಪಾಯ ಹೆಚ್ಚಿಸುವ ಒಂದು ಗುರುತು ಇದೆ, ಎಚ್‌ಎಲ್‌ಎ-ಬಿ 1502 ಅನ್ನುತ್ತಾರೆ. ಅದಕ್ಕೆ ರಕ್ತ ಪರೀಕ್ಷೆ ಇದೆ. ನಿಮಗೆ ಬೇಕೇ ಅಂತ ಡಾಕ್ಟರನ್ನು ಕೇಳಿ.

ಎಂಆರ್‌ಐ ಮುಂದೂಡಬೇಡಿ. ರಕ್ತನಾಳ ಒತ್ತುತ್ತಿದೆಯೇ ಅಂತ ನೋಡಲು ಮಾತ್ರ ಅಲ್ಲ. ಕೆಲವರಲ್ಲಿ ಗಡ್ಡೆ ಅಥವಾ ನರದ ಪೊರೆಯ ಬೇರೆ ಕಾಯಿಲೆಯಿಂದ ಇದೇ ನೋವು ಬರುತ್ತದೆ. ಅದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು.

ಗಾಳಿಮಾತು ನಂಬದವ:

ಅಕ್ಕಾ, ನರದ ಯಾವ ನೋವಿದ್ದರೂ ಬಿ12 ಇಂಜೆಕ್ಷನ್ ಒಂದು ಕೋರ್ಸ್ ಹಾಕಿಸಿದರೆ ಆಯಿತು. ನಮ್ಮ ಅಣ್ಣನಿಗೆ ಕೈಕಾಲು ಜೋಮು ಇತ್ತು, ಪೂರ್ತಿ ಹೋಯಿತು. ಇಂಥ ಜೋರಾದ ಗುಳಿಗೆ ಯಾಕೆ ಬೇಕು?

ಬಾಗಲಕೋಟೆ ಕಂಡಕ್ಟರ್:

ಅಣ್ಣಾರೆ, ನಿಮ್ಮ ಅಣ್ಣನಿಗೆ ಗುಣವಾಗಿದ್ದು ಸಂತೋಷ. ಬಿ12 ಕಡಿಮೆಯಾಗಿ ಕೈಕಾಲು ಜೋಮು ಹಿಡಿದರೆ ಆ ಇಂಜೆಕ್ಷನ್ ಸರಿಯಾದ ಮದ್ದೇ. ಆದರೆ ಅಕ್ಕೋರದು ಆ ಬೇನೆಯಲ್ಲ. ರಕ್ತನಾಳ ಒತ್ತಿದ್ದನ್ನು ವಿಟಮಿನ್ ಬಿಡಿಸಲಾರದು. ಒಂದು ನರದ ನೋವಿನ ಮದ್ದು ಇನ್ನೊಂದಕ್ಕೆ ಹೇಳುವುದರಿಂದಲೇ ನಮ್ಮಂಥವರು ತಿಂಗಳುಗಟ್ಟಲೆ ನರಳುವುದು. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ.

ವಿಜಯಪುರ ಔಷಧಿ ಅಂಗಡಿ:

ಮೇಡಂ, ಮೊದಲಿಗೆ, ಅಂಗಡಿಯಲ್ಲಿ ನಿಮಗೆ ಎಲ್ಲರ ಮುಂದೆ ಹಾಗೆ ಕೇಳಬಾರದಿತ್ತು. ಗ್ರಾಹಕರ ಕಾಯಿಲೆ ಕೂಗಿ ಹೇಳುವುದು ನಮ್ಮ ಕೆಲಸವಲ್ಲ. ನಾನು ಹೊಸ ಹುಡುಗರಿಗೆ ಮೊದಲ ದಿನವೇ ಇದನ್ನು ಹೇಳುತ್ತೇನೆ.

ಕೌಂಟರಿನಲ್ಲಿ ಕೂತು ನೋಡಿದ್ದರಿಂದ ಕೆಲವು ಮಾತು. ಚೀಟಿಯಲ್ಲಿ ಹೆಸರಿನ ಮುಂದೆ ಸಿಆರ್ ಅಂತಿದ್ದರೆ ಆ ಗುಳಿಗೆ ನಿಧಾನವಾಗಿ ಕರಗುವಂಥದ್ದು. ಅಗಿಯಲು, ಪುಡಿ ಮಾಡಲು ಹೋಗಬೇಡಿ. ದವಡೆ ನೋವು ಅಂತ ಪುಡಿ ಮಾಡಿ ಮೊಸರಲ್ಲಿ ಕಲಸುವವರನ್ನು ಕಂಡಿದ್ದೇನೆ. ನುಂಗಲು ಆಗದಿದ್ದರೆ ಸಿರಪ್ ಬರುತ್ತದೆ, ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಟೆಗ್ರಿಟಾಲ್, ಮೆಜೆಟಾಲ್ ಹೀಗೆ ಹಲವು ಹೆಸರಲ್ಲಿ ಸಿಗುತ್ತದೆ. ಜನೌಷಧಿಯಲ್ಲೂ ಕಾರ್ಬಮಜೆಪಿನ್ ಇದೆ, ಅಗ್ಗ. ಯಾವುದನ್ನು ಹಿಡಿದರೂ ಅದನ್ನೇ ಮುಂದುವರಿಸಿ, ಪ್ರತಿ ತಿಂಗಳು ಬೇರೆ ಬೇರೆ ಮಾಡಬೇಡಿ. ಗುಳಿಗೆಯನ್ನು ಬಚ್ಚಲು ಮನೆಯ ಗೂಡಿನಲ್ಲಿ ಇಡಬೇಡಿ. ತೇವ ತಾಗಿದರೆ ಇದರ ಶಕ್ತಿ ಕಡಿಮೆಯಾಗುತ್ತದೆ.

ಕೆಮ್ಮು, ಗಂಟಲು ನೋವು ಅಂತ ಬೇರೆ ಡಾಕ್ಟರ ಹತ್ತಿರ ಹೋದಾಗ ಈ ಗುಳಿಗೆ ತಗೊಳ್ಳುತ್ತೇನೆ ಅಂತ ಮೊದಲೇ ಹೇಳಿ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್ ಥರದ ಆಂಟಿಬಯೊಟಿಕ್ ಜೊತೆ ಸೇರಿದರೆ ಕಾರ್ಬಮಜೆಪಿನ್ ರಕ್ತದಲ್ಲಿ ಏರಿಬಿಡುತ್ತದೆ. ರಕ್ತ ತೆಳು ಮಾಡುವ ವಾರ್ಫರಿನ್, ಗರ್ಭನಿರೋಧಕ ಗುಳಿಗೆ ಇವುಗಳ ಬಲವನ್ನು ಇದು ಕುಗ್ಗಿಸುತ್ತದೆ. ಇಲ್ಲಿ ಓದುವ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಆ ಮಾತು ಮುಖ್ಯ. ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ಡಾಕ್ಟರ ಜೊತೆ ಮಾತಾಡಬೇಕು.

ಗೋಕಾಕದ ಮಗಳು:

ಅಕ್ಕಾ, ಗುಳಿಗೆ ಎಲ್ಲರಿಗೂ ಒಗ್ಗುವುದಿಲ್ಲ ಅನ್ನುವುದನ್ನೂ ಯಾರಾದರೂ ಹೇಳಬೇಕು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಅಪ್ಪನಿಗೆ 70 ದಾಟಿದೆ. ಕಬ್ಬಿನ ಗದ್ದೆಯಲ್ಲಿ ಗಾಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಟವೆಲ್ ಮುಖಕ್ಕೆ ಸುತ್ತಿಕೊಂಡರೆ ಅದು ತಾಗಿಯೇ ನೋವು. ಊಟ ಬಿಟ್ಟು ಅರ್ಧ ಆಳಾಗಿದ್ದರು.

ಕಾರ್ಬಮಜೆಪಿನ್‌ನಿಂದ ನೋವು ಚೆನ್ನಾಗಿ ಇಳಿಯಿತು. ಆದರೆ ಕೆಲವು ವಾರದಲ್ಲಿ ಅಪ್ಪ ಮಂಕಾದರು. ಕೇಳಿದ್ದಕ್ಕೆ ಉತ್ತರ ಇಲ್ಲ, ನಡೆಯುವಾಗ ತೂರಾಡುವುದು, ಹಗಲೆಲ್ಲ ನಿದ್ದೆ. ವಯಸ್ಸಾಯಿತು ಅಂತ ಮನೆಯಲ್ಲಿ ಅಂದರು. ನನಗೆ ಮನಸ್ಸು ಒಪ್ಪಲಿಲ್ಲ, ರಕ್ತ ಪರೀಕ್ಷೆ ಮಾಡಿಸಿದೆ. ಸೋಡಿಯಂ, ಅಂದರೆ ರಕ್ತದಲ್ಲಿನ ಉಪ್ಪಿನಂಶ, ತುಂಬಾ ಇಳಿದಿತ್ತು. ಅಪ್ಪ ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ತಗೊಳ್ಳುತ್ತಿದ್ದರು. ಅದೂ ಸೋಡಿಯಂ ಇಳಿಸುತ್ತದೆ, ಇದೂ ಇಳಿಸುತ್ತದೆ. ಎರಡೂ ಸೇರಿತ್ತು. ಒಂದೆರಡು ದಿನ ಅಡ್ಮಿಟ್ ಆಗಬೇಕಾಯಿತು. ಬಿಪಿ ಗುಳಿಗೆ ಬದಲಾಯಿಸಿದರು. ಆಕ್ಸ್‌ಕಾರ್ಬಜೆಪಿನ್ ಅಂತ ಇದರ ತಮ್ಮನಂಥ ಒಂದು ಔಷಧಿ ಇದೆ, ತಲೆ ತಿರುಗುವುದು ಅದರಲ್ಲಿ ಕಡಿಮೆ. ಆದರೆ ಸೋಡಿಯಂ ಇಳಿಸುವುದು ಅದರಲ್ಲಿ ಇನ್ನೂ ಜಾಸ್ತಿ, ಹಾಗಾಗಿ ಅಪ್ಪನಿಗೆ ಬೇಡ ಅಂದರು. ಗ್ಯಾಬಪೆಂಟಿನ್, ಬ್ಯಾಕ್ಲೋಫೆನ್ ಕೊಟ್ಟು ನೋಡಿದರು. ಸ್ವಲ್ಪ ಆಧಾರ ಆಯಿತು, ಸಾಲಲಿಲ್ಲ.

ಆಮೇಲೆ ಬೆಳಗಾವಿಯಲ್ಲಿ ಕೆನ್ನೆಯ ಮೂಲಕ ಸೂಜಿ ಕಳಿಸಿ ನರವನ್ನು ಶಾಖದಿಂದ ಸುಡುವ ಚಿಕಿತ್ಸೆ ಮಾಡಿಸಿದೆವು. ರೇಡಿಯೊ ಫ್ರೀಕ್ವೆನ್ಸಿ ಅನ್ನುತ್ತಾರೆ. ತಲೆ ತೆರೆದು ರಕ್ತನಾಳ ಮತ್ತು ನರದ ನಡುವೆ ಮೆತ್ತೆ ಇಡುವ ಆಪರೇಷನ್ನೂ ಇದೆ. ಅದರ ಗುಣ ಹೆಚ್ಚು ವರ್ಷ ನಿಲ್ಲುತ್ತದಂತೆ, ಆದರೆ ಅದು ದೊಡ್ಡ ಆಪರೇಷನ್, ಅಪ್ಪನ ವಯಸ್ಸಿಗೆ ಸೂಜಿಯದೇ ಸರಿ ಅಂದರು. ಈಗ ಅಪ್ಪನ ಆ ಕಡೆಯ ಕೆನ್ನೆ ಜೋಮು. ಊಟದ ಅಗುಳು ತುಟಿಗೆ ಅಂಟಿದರೂ ಗೊತ್ತಾಗುವುದಿಲ್ಲ, ಅವ್ವ ಒರೆಸುತ್ತಾಳೆ. ನೋವು ಇಲ್ಲ. ಕೆಲವು ವರ್ಷದ ಮೇಲೆ ಮತ್ತೆ ಬರಬಹುದು, ಬಂದರೆ ಮತ್ತೆ ಮಾಡಬಹುದು ಅಂದಿದ್ದಾರೆ. ಅಪ್ಪ ಮತ್ತೆ ಗದ್ದೆಗೆ ಹೋಗುತ್ತಿದ್ದಾರೆ, ನನಗೆ ಅಷ್ಟು ಸಾಕು.

ನೀವು ಬಿಪಿ ಗುಳಿಗೆ ತಗೊಳ್ಳುತ್ತೀರಾ? ತಗೊಳ್ಳುತ್ತಿದ್ದರೆ ಅದರ ಹೆಸರು ನರರೋಗದ ಡಾಕ್ಟರಿಗೆ ತೋರಿಸಿ. ಸೋಡಿಯಂ ಪರೀಕ್ಷೆ ಮರೆಯಬೇಡಿ.

ಮುಧೋಳದ ಅಕ್ಕೋರು:

ಎಲ್ಲರಿಗೂ ಎಷ್ಟು ಹೇಳಿದರೂ ಸಾಲದು. ಕಂಡಕ್ಟರ್ ಅಣ್ಣನವರ ಬರಹವನ್ನು ನಮ್ಮ ಅತ್ತೆಯವರಿಗೆ ಓದಿ ಹೇಳಿದೆ. ಓದುವಾಗ ಎರಡು ಸಲ ನಿಲ್ಲಿಸಬೇಕಾಯಿತು, ಆದರೂ ಓದಿದೆ. "ಹಂಗಾದ್ರ ಇದು ಮಾರಿ ನರದ ಬ್ಯಾನಿ" ಅಂದರು. ಈಗ ಗುಳಿಗೆ ಹೊತ್ತು ಅವರೇ ನೆನಪು ಮಾಡುತ್ತಾರೆ.

ಎಂಆರ್‌ಐ ಆಯಿತು. ಗಡ್ಡೆ ಇಲ್ಲ. ಎಡಗಡೆ ಒಂದು ರಕ್ತನಾಳ ನರಕ್ಕೆ ಒತ್ತಿಕೊಂಡಿದೆ ಅಂತ ಬಂದಿದೆ. ಡಾಕ್ಟರು ಗುಳಿಗೆಯನ್ನು ನಿಧಾನವಾಗಿ ಏರಿಸಿ ಈಗ ದಿನಕ್ಕೆ 400ಕ್ಕೆ ತಂದಿದ್ದಾರೆ. ಬೋರ್ಡ್ ಒಂದೇ ಕಾಣುತ್ತಿದೆ. ಬೆಳಗಿನ ಹೊತ್ತು ಮುಖ ತೊಳೆಯುವಾಗ ಇನ್ನೂ ಒಮ್ಮೊಮ್ಮೆ ಹೊಡೆಯುತ್ತದೆ. ಶಾಲೆಯಲ್ಲಿ ಹೆಡ್ ಮಾಸ್ತರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಪ್ರಾರ್ಥನೆಯ ಹೊತ್ತಿನ ಮಾತು ಬೇರೆಯವರಿಗೆ ಕೊಟ್ಟಿದ್ದಾರೆ. ನನಗೆ ಬಿಪಿ ಇಲ್ಲ ತಂಗಿ. ಸೋಡಿಯಂ ಸರಿಯಿದೆ, ಮತ್ತೆ ಪರೀಕ್ಷೆ ಮಾಡಿಸಲು ಹೇಳಿದ್ದಾರೆ.

ಇನ್ನೊಂದೇ ಪ್ರಶ್ನೆ. ಇದನ್ನು ಸಾಯುವವರೆಗೆ ನುಂಗಬೇಕೇ? ನೋವು ಪೂರ್ತಿ ನಿಂತರೆ ಬಿಡಬಹುದೇ?

ಬಾಗಲಕೋಟೆ ಕಂಡಕ್ಟರ್:

ಬಹಳ ಸಮಾಧಾನವಾಯಿತು ಅಕ್ಕೋರೆ. ಬೆಳಗಿನದು ಉಳಿದಿದೆ ಅಂತ ಡಾಕ್ಟರಿಗೆ ಹೀಗೇ ಹೇಳಿ. ನೋವು ಎಷ್ಟು ಹೊತ್ತಿಗೆ, ಏನು ಮಾಡುವಾಗ, ಗುಳಿಗೆ ನುಂಗಿ ಎಷ್ಟು ಹೊತ್ತಾದ ಮೇಲೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ನಾನು ಟ್ರಿಪ್ ಶೀಟಿನ ಹಿಂದೆ ಬರೆಯುತ್ತಿದ್ದೆ. ಅದನ್ನು ನೋಡಿಯೇ ಡಾಕ್ಟರು ನನ್ನ ರಾತ್ರಿ ಗುಳಿಗೆಯನ್ನು ನಿಧಾನವಾಗಿ ಕರಗುವುದಕ್ಕೆ ಬದಲಾಯಿಸಿದ್ದು. ನಸುಕಿನ ನೋವು ಅದರಿಂದಲೇ ಹತೋಟಿಗೆ ಬಂತು.

ಬಿಡುವುದರ ಬಗ್ಗೆ. ಈ ಬೇನೆ ಕೆಲವರಲ್ಲಿ ತಿಂಗಳು, ವರ್ಷಗಟ್ಟಲೆ ತಾನೇ ಅಡಗಿ ಕೂರುತ್ತದೆ. ನೋವಿಲ್ಲದೆ ಕೆಲವು ತಿಂಗಳು ಕಳೆದರೆ ಡಾಕ್ಟರು ಸ್ವಲ್ಪ ಸ್ವಲ್ಪ ಇಳಿಸಿ ನೋಡುತ್ತಾರೆ. ನನಗೆ ಒಮ್ಮೆ 300ಕ್ಕೆ ಇಳಿಸಿದ್ದರು, ಚಳಿಗಾಲದಲ್ಲಿ ನೋವು ಮತ್ತೆ ಎದ್ದಿತು, ಮತ್ತೆ ಏರಿಸಿದರು. ಮುಂದೆ ಗುಳಿಗೆ ಸಾಲದೇ ಹೋದರೆ ಗೋಕಾಕದ ತಂಗಿ ಹೇಳಿದ ದಾರಿಗಳಿವೆ. ನಿಮ್ಮ ವಯಸ್ಸಿಗೆ, ರಕ್ತನಾಳ ಒತ್ತಿದ್ದು ಕಂಡಿರುವಾಗ, ಮೆತ್ತೆ ಇಡುವ ಆಪರೇಷನ್ ಬಗ್ಗೆ ಕೂಡ ಕೇಳಿಟ್ಟುಕೊಳ್ಳಿ. ಈಗಲೇ ಮಾಡಿಸಬೇಕು ಅಂತಲ್ಲ, ತಿಳಿದಿರಲಿ ಅಂತ.

ಆದರೆ ಒಂದು ದಿನ ಚೆನ್ನಾಗಿದೆ ಅಂತ ನೀವೇ ತಟ್ಟನೆ ನಿಲ್ಲಿಸಬೇಡಿ. ಊರಿಗೆ, ಜಾತ್ರೆಗೆ ಹೋಗುವಾಗ ಒಂದು ಪಟ್ಟಿ ಗುಳಿಗೆ ಪರ್ಸಿನಲ್ಲಿ ಹೆಚ್ಚಿಗೆ ಇರಲಿ. ಹಳ್ಳಿ ಕಡೆ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ.